ಸೀಸರ್ ಅಪ್ಪ

ಗರುಡಾಚಾರ್‌ಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ ಅವರ ಸ್ವಂತ ಹೆಸರು ಗೊತ್ತಿರುವುದು ಇಬ್ಬರಿಗೆ ಮಾತ್ರ. ಒಬ್ಬ ಕರೆಂಟು ಬಿಲ್ಲು ಕೊಡುವ ಹುಡುಗ. ಇನ್ನೊಬ್ಬರು ಅವರ ಮನೆಯಾಕೆ. ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪೈಕಿಯವರಲ್ಲ. ಮಿಕ್ಕವರಿಗೆಲ್ಲ ಅವರು ‘ಸೀಸರ್ ಅಪ್ಪ’. ಸೊಪ್ಪಿನಾಕೆ ಹಾಗೇ ಕೂಗುತ್ತಾಳೆ, ಇಸ್ತ್ರಿ ಗಾಡಿಯವನು ಬಟ್ಟೆಗಂಟಿನ ಚೀಟಿಯ ಮೇಲೆ ಹಾಗೇ ಬರೆಯುತ್ತಾನೆ. ನಾನು ಎದುರಿಗೆ ‘ಅಂಕಲ್’ ಅನ್ನುತ್ತೇನೆ. ಅವರು ನನ್ನನ್ನು ‘ಸಾರ್’ ಅನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಸಾರ್ ಅನ್ನಬೇಕಾದರೆ ಅದಕ್ಕೊಂದು ಕಾರಣ ಇರಲೇಬೇಕು. ಇದೆ. ನನ್ನ ಹತ್ತಿರ ಒಳ್ಳೆಯ ಟಾರ್ಚು ಇದೆ, ಅಲ್ಯೂಮಿನಿಯಂ ಏಣಿ ಇದೆ, ಮತ್ತು ಇಲ್ಲ ಅನ್ನಲು ಬಾಯಿ ಇಲ್ಲ.

ಸೀಸರ್ ಅಂದರೆ ನಾಯಿ. ಗೋಧಿ ಬಣ್ಣ, ಅಗಲ ಬೆನ್ನು, ನೆಲಕ್ಕೆ ಹತ್ತಿರದ ಹೊಟ್ಟೆ. ನೋಡಿದವರು ಲ್ಯಾಬ್ರಡಾರ್ ಅಂದುಕೊಳ್ಳುತ್ತಾರೆ. ಹಾಗಂದರೆ ಅಂಕಲ್‌ಗೆ ನೋವಾಗುತ್ತದೆ. ‘ತಂದೆ ಕಡೆಯಿಂದ ಲ್ಯಾಬು ಸಾರ್, ಒಪ್ಕೋತೀನಿ. ತಾಯಿ ಕಡೆಯಿಂದ ಮುಧೋಳ’ ಅನ್ನುತ್ತಾರೆ. ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮುಧೋಳದ ಘೋರ್ಪಡೆ ಅರಸರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ಬೇಟೆನಾಯಿ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಸ್ಟಾಂಪು ತಂದದ್ದು, ಸೇನೆಯವರು ಮೀರತ್‌ನಲ್ಲಿ ಅವಕ್ಕೆ ತರಬೇತಿ ಕೊಟ್ಟದ್ದು, 2020ರ ಆಗಸ್ಟ್‌ನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಆ ಹೆಸರು ಹೇಳಿದ್ದು, ಎಲ್ಲವೂ ಸಾಲಾಗಿ ಬರುತ್ತವೆ. ಎಲ್ಲವೂ ನಿಜವೇ. ಮುಧೋಳದ ನಾಯಿ ಸೊಂಟ ಸಣ್ಣ, ಕಾಲು ಉದ್ದ, ಓಡಿದರೆ ಮೊಲ ಉಳಿಯುವುದಿಲ್ಲ. ಇಷ್ಟೆಲ್ಲ ಹೇಳಿಸಿಕೊಳ್ಳುತ್ತ ಸೀಸರ್ ಮೆಟ್ಟಿಲ ಮೇಲೆ ಅಂಗಾತ ಮಲಗಿರುತ್ತದೆ. ಐದನೇ ಜಾರ್ಜ್ ನೋಡಿದ್ದರೆ ವಾಪಸ್ ಕಳಿಸುತ್ತಿದ್ದರು.

ಅವರ ಮನೆಯಲ್ಲಿ ಹೆಂಡತಿಯೊಡನೆ ಕನ್ನಡ, ಬಾಡಿಗೆಯವರೊಡನೆ ತೆಲುಗು, ಪ್ಲಂಬರ್ ಬಂದರೆ ತಮಿಳು. ನಾಯಿಗೆ ಮಾತ್ರ ಇಂಗ್ಲಿಷು. ‘ಸೀಸರ್, ಕಮ್! ಸೀಸರ್, ಸಿಟ್! ಸೀಸರ್, ಡೋಂಟ್ ಡೂ ದಟ್ ಕಣೋ!’ ನಾಯಿ ಆಕಾಶ ನೋಡುತ್ತದೆ. ಆಂಟಿ ಅಡುಗೆಮನೆಯಿಂದ ‘ಲೋ ಮುಂಡೇದೆ, ಬಾರೋ ಇತ್ಲಾಗೆ’ ಅಂದರೆ ಒಂದೇ ಕೂಗಿಗೆ ಎದ್ದು ಹೋಗುತ್ತದೆ. ಅಂಕಲ್ ಇದನ್ನು ಗಮನಿಸಿಲ್ಲ. ಗಮನಿಸಿದರೂ ತರಬೇತಿಯ ಮುಂದಿನ ಹಂತ ಅಂದುಕೊಂಡಿರಬಹುದು.

ನಾಯಿ ಸಾಕಿದವರೆಲ್ಲ ಗೇಟಿನ ಬಳಿ ಒಂದು ಮಾತು ಹೇಳುತ್ತಾರಲ್ಲ, ‘ಏನೂ ಮಾಡಲ್ಲ, ಬನ್ನಿ’. ನಾಯಿ ಎದೆಯ ಮೇಲೆ ಎರಡು ಕಾಲಿಟ್ಟು ಕುತ್ತಿಗೆ ಮೂಸುತ್ತಿರುವಾಗಲೂ ಅವರು ಕುರ್ಚಿ ಬಿಟ್ಟು ಏಳದೆ ಅದನ್ನೇ ಹೇಳುತ್ತಿರುತ್ತಾರೆ. ಅಂಕಲ್ ಅಲ್ಲಿಗೆ ನಿಲ್ಲುವವರಲ್ಲ. ಅವರು ಅನುವಾದವನ್ನೂ ಮಾಡುತ್ತಾರೆ. ಇವರು ದೂರವಾಣಿನಗರದ ಐಟಿಐನಲ್ಲಿ ದುಡಿದು ನಿವೃತ್ತರಾದವರು. 1948ರಲ್ಲಿ ಶುರುವಾದ ಆ ಕಾರ್ಖಾನೆ ನಾಡಿಗೆಲ್ಲ ಫೋನು ಮಾಡಿ ಕೊಟ್ಟಿತು. ಆ ತುದಿಯವರು ಆಡಿದ್ದು ಈ ತುದಿಯವರಿಗೆ ಸ್ಪಷ್ಟವಾಗಿ ಕೇಳಬೇಕು ಅನ್ನುವ ಕಾಳಜಿ ಇವರಿಗೆ ನಿವೃತ್ತಿಯ ಮೇಲೂ ಉಳಿದುಬಿಟ್ಟಿದೆ. ನಾಯಿ ‘ಗುರ್ರ್’ ಅಂದರೆ ‘ಚೆನ್ನಾಗಿದೀರಾ ಅಂತ ಕೇಳ್ತಿದ್ದಾನೆ ಸಾರ್’. ಎರಡು ಸಲ ಬೊಗಳಿದರೆ ‘ಯಾಕೆ ಈ ಕಡೆ ಬರಲೇ ಇಲ್ಲ ಅಂತಿದ್ದಾನೆ’. ನನ್ನ ಪ್ಯಾಂಟಿನ ಕಾಲು ಹಿಡಿದು ಎಳೆದಾಗಲೂ ಒಂದು ಅನುವಾದ ಬಂತು: ‘ಹೋಗ್ಬೇಡಿ, ಕಾಫಿ ಕುಡ್ಕೊಂಡು ಹೋಗಿ ಅಂತಾನೆ.’ ಕಾಫಿ ಕುಡಿದೆ. ಪ್ಯಾಂಟನ್ನು ಆಂಟಿ ಹೊಲಿದುಕೊಟ್ಟರು.

ಇದೆಲ್ಲ ಗೇಟಿನ ಮುಂದಿನ ಸೀಸರ್. ಹಿತ್ತಲಿನ ಸೀಸರ್ ಬೇರೆ.

ಇವತ್ತು ಗರುಡಾಚಾರ್‌ಪಾಳ್ಯದಲ್ಲಿ ಹಿತ್ತಲು ಅಂದರೆ ಜನ ನಗುತ್ತಾರೆ. ಒಂದು ಕಡೆ ವೈಟ್‌ಫೀಲ್ಡ್‌ಗೆ ಹೋಗುವ ದೊಡ್ಡ ರಸ್ತೆ, ಅದರ ತಲೆಯ ಮೇಲೆ 2023ರ ಮಾರ್ಚಿನಿಂದ ಓಡುತ್ತಿರುವ ನೇರಳೆ ಮಾರ್ಗದ ಮೆಟ್ರೋ, ಸ್ವಲ್ಪ ಮುಂದೆ ಮಹದೇವಪುರದ ಮಾಲು, ಮಿಕ್ಕಲ್ಲೆಲ್ಲ ಐದು ಅಂತಸ್ತಿನ ಪೀಜಿಗಳು. ಮನೆಗೂ ಮನೆಗೂ ನಡುವೆ ಕೈಯಾಡುವಷ್ಟು ಜಾಗವಿಲ್ಲ. ಅಂಕಲ್ ಮಾತ್ರ ಅಪ್ಪನ ಕಾಲದ ಜಮೀನಿನ ಒಂದು ತುಂಡನ್ನು ಹಾಗೇ ಉಳಿಸಿಕೊಂಡಿದ್ದಾರೆ. ಎರಡು ತೆಂಗು, ಒಂದು ಸೀಬೆ, ಒಂದು ಸಪೋಟ, ನುಗ್ಗೆ, ಕರಿಬೇವು, ಒಗೆಯುವ ಕಲ್ಲು, ಒಣಗಿದ ಗರಿಗಳ ರಾಶಿ. ಗೋಡೆಯಾಚೆ ಯಾರದೋ ಖಾಲಿ ಸೈಟು: ಹರಳುಗಿಡ, ಪಾರ್ಥೇನಿಯಂ, ಒಡೆದ ಕಮೋಡು, ರಾತ್ರೋರಾತ್ರಿ ಎಸೆದುಹೋಗುವ ಕಸದ ಚೀಲ. ಆ ಕಸಕ್ಕೆ ಹೆಗ್ಗಣ ಬರುತ್ತದೆ. ಹೆಗ್ಗಣಕ್ಕೆ ಕೇರೆಹಾವು ಬರುತ್ತದೆ. ಇವೆರಡನ್ನೂ ವಿಚಾರಿಸಿಕೊಳ್ಳಲು ಮುಂಗುಸಿ ಬರುತ್ತದೆ. ಹಣ್ಣಿಗೆ ಅಳಿಲು, ಹುಳಕ್ಕೆ ಓತಿಕ್ಯಾತ. ಇಷ್ಟೂ ಜೀವಗಳು ಗೋಡೆ ಹಾರಿ ಇಳಿಯುವುದು ಸೀಸರ್‌ನ ಆಡಳಿತಕ್ಕೆ ಒಳಪಟ್ಟ ಪ್ರದೇಶಕ್ಕೆ.

ಮನುಷ್ಯರ ವಿಷಯದಲ್ಲಿ ‘ಏನೂ ಮಾಡಲ್ಲ’ ಅನ್ನುವ ಅಂಕಲ್, ಈ ಪ್ರಾಣಿಗಳ ವಿಷಯ ಬಂದರೆ ಸ್ವರ ತಗ್ಗಿಸಿ, ‘ಇವನನ್ನ ಬಿಟ್ರೆ ಉಳಿಸಲ್ಲ ಸಾರ್, ರಕ್ತದಲ್ಲೇ ಇದೆ’ ಅನ್ನುತ್ತಾರೆ. ನಾನು ಹೊಲಿಸಿಕೊಂಡ ಪ್ಯಾಂಟು ಮತ್ತು ಆ ಹಿತ್ತಲಲ್ಲಿ ನೆಮ್ಮದಿಯಾಗಿ ಮುದುಕಾದ ಓತಿಕ್ಯಾತ, ಇವೆರಡನ್ನೂ ಕಂಡವರಿಗೆ ಎರಡು ಸರ್ಟಿಫಿಕೇಟುಗಳು ಅದಲುಬದಲಾಗಿರುವುದು ಥಟ್ಟನೆ ಹೊಳೆಯುತ್ತದೆ.

ಕಪ್ಪೆಯ ಕತೆ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಕೃತ್ತಿಕೆ ಮಳೆ ಹುಯ್ದ ರಾತ್ರಿ. ಕರೆಂಟು ಹೋಗಿ ಬಂದಿತ್ತು. ಬೀದಿದೀಪದ ಸುತ್ತ ರೆಕ್ಕೆಗೆದ್ದಲು ಮುತ್ತಿತ್ತು. ಹನ್ನೊಂದು ಗಂಟೆಯ ಮೇಲೆ ನಮ್ಮ ಮನೆಯ ಬೆಲ್ಲು ಒತ್ತಿದವರು ಬೆರಳು ತೆಗೆಯಲೇ ಇಲ್ಲ. ಬಾಗಿಲು ತೆರೆದರೆ ಲುಂಗಿ, ಬನಿಯನ್ನು, ಒಂದು ಕಡ್ಡಿ ಮುರಿದ ಕೊಡೆ. ‘ಸಾರ್, ಬೇಗ ಬನ್ನಿ, ಸೀಸರ್ ಬಾಯಲ್ಲಿ ನೊರೆ!’

ಟಾರ್ಚು ಹಿಡಿದು ಹೋದೆ. ನಾಯಿ ಒಗೆಯುವ ಕಲ್ಲಿನ ಪಕ್ಕ ನಿಂತು ತಲೆ ಒದರುತ್ತಿತ್ತು. ಬಾಯ ಎರಡೂ ಕಡೆ ಸೋಪಿನ ನೊರೆಯಷ್ಟು ಬಿಳಿ ಜೊಲ್ಲು ಇಳಿಯುತ್ತಿತ್ತು. ಮುಂಗಾಲಿನಿಂದ ಮೂತಿ ತಿಕ್ಕಿಕೊಳ್ಳುತ್ತಿತ್ತು. ಅಂಕಲ್ ಆಗಲೇ ಎರಡು ತೀರ್ಮಾನಕ್ಕೆ ಬಂದಿದ್ದರು. ಒಂದು, ನಾಗರಹಾವು ಕಚ್ಚಿದೆ. ಎರಡು, ಕಾರು ನಿಲ್ಲಿಸುವ ವಿಚಾರಕ್ಕೆ ಮಾತು ಬಿಟ್ಟಿದ್ದ ಎದುರುಮನೆಯವರು ಏನೋ ಹಾಕಿದ್ದಾರೆ. ಎರಡನ್ನೂ ಒಟ್ಟಿಗೆ ನಂಬಿಕೊಂಡು ಅವರು ಎದುರುಮನೆಯ ಕಡೆಗೊಮ್ಮೆ, ಪೊದೆಯ ಕಡೆಗೊಮ್ಮೆ ಕೋಲು ಬೀಸುತ್ತಿದ್ದರು. ಆಂಟಿ ತುಳಸಿಕಟ್ಟೆಗೆ ಕೈಮುಗಿದು, ‘ಘಾಟಿಗೆ ಬಂದು ಹೋಗ್ತೀವಿ ಸುಬ್ಬಪ್ಪಾ’ ಅಂತ ಹರಕೆ ಹೊತ್ತರು. ಘಾಟಿ ಸುಬ್ರಹ್ಮಣ್ಯನಿಗೆ ಅವತ್ತು ತನ್ನದಲ್ಲದ ಕೇಸು ಬಂತು.

ಪಶುವೈದ್ಯರಿಗೆ ಫೋನು ಹಚ್ಚಿದೆ. ಪುಣ್ಯಾತ್ಮ ಎತ್ತಿದರು. ನಾನು ನೊರೆ ಅಂದೆ, ತಲೆ ಒದರುತ್ತಿದೆ ಅಂದೆ. ಆ ಕಡೆಯಿಂದ ನಿದ್ದೆಗಣ್ಣಿನ ಒಂದೇ ಪ್ರಶ್ನೆ: ‘ಮಳೆ ಬಂತಲ್ಲ, ಹಿತ್ತಲಲ್ಲಿ ಕಪ್ಪೆ ಇದೆಯಾ ನೋಡಿ.’

ಟಾರ್ಚು ತಿರುಗಿಸಿದೆ. ತುಳಸಿಕಟ್ಟೆಯ ಬುಡದಲ್ಲಿ ನೆಲಗಪ್ಪೆಯೊಂದು ಕೂತಿತ್ತು. ಒರಟು ಚರ್ಮ, ದಪ್ಪ ಹೊಟ್ಟೆ, ಕಣ್ಣಿನ ಹಿಂದೆ ಉಬ್ಬಿದ ಎರಡು ಗಂಟು. ಆ ಗಂಟುಗಳಲ್ಲೇ ಇರುವುದು ಮದ್ದು. ಯಾರಾದರೂ ಬಾಯಿ ಹಾಕಿದರೆ ಹಾಲಿನಂಥ ದ್ರವ ಬಿಡುತ್ತದೆ. ಅದಕ್ಕೇ ಈ ಕಪ್ಪೆ ಓಡುವುದಿಲ್ಲ. ಓಡಬೇಕಾದ ಅಗತ್ಯವೇ ಅದಕ್ಕೆ ಬಂದಿಲ್ಲ. ಸೀಸರ್ ಅದನ್ನು ಬಾಯಲ್ಲಿ ಎತ್ತಿ, ತಕ್ಷಣ ಇಳಿಸಿದೆ. ಕಪ್ಪೆ ಮೈ ಸರಿಮಾಡಿಕೊಂಡು, ದೀಪಕ್ಕೆ ಬಿದ್ದ ಗೆದ್ದಲನ್ನು ನಾಲಿಗೆ ಚಾಚಿ ತಿನ್ನುತ್ತ ಊಟ ಮುಂದುವರಿಸಿದೆ.

ಡಾಕ್ಟರು ಹೇಳಿದ್ದು: ತಲೆ ಕೆಳಮುಖವಾಗಿ ಹಿಡಿದು, ಬಾಯ ಪಕ್ಕದಿಂದ ಪೈಪಿನಲ್ಲಿ ನೀರು ಬಿಡಿ, ಗಂಟಲಿಗೆ ಹೋಗಬಾರದು, ಒದ್ದೆ ಬಟ್ಟೆಯಲ್ಲಿ ಒಸಡು ಒರೆಸುತ್ತಿರಿ, ತೂರಾಡಿದರೆ, ವಾಂತಿಯಾದರೆ ಕೂಡಲೇ ಕರೆದುಕೊಂಡು ಬನ್ನಿ. ಸಲಹೆ ಸುಲಭವಾಗಿತ್ತು. ಹಿಡಿಯುವವರು ಯಾರು? ಅಂಕಲ್‌ಗೆ ಮಂಡಿನೋವು. ಆಂಟಿ ಪೈಪಿನ ಕಡೆ. ಮೂವತ್ತೆಂಟು ಕಿಲೋ ಮುಧೋಳ ರಕ್ತವನ್ನು ಎರಡು ತೊಡೆಯ ನಡುವೆ ಸಿಕ್ಕಿಸಿಕೊಂಡು ನಾನು ಕೂತೆ. ಅದು ತಲೆ ಒದರಿದಾಗಲೆಲ್ಲ ನೊರೆ ನನ್ನ ಕನ್ನಡಕಕ್ಕೆ, ನೀರು ಅಂಗಿಗೆ. ಅಂಕಲ್ ಕೊಡೆಯನ್ನು ನಾಯಿಗೆ ಹಿಡಿದಿದ್ದರು. ನಡುವೆ ಅದು ಒಮ್ಮೆ ಸಣ್ಣಗೆ ಕುಂಯ್‌ಗುಟ್ಟಿತು. ‘ಥ್ಯಾಂಕ್ಸ್ ಅಂತಿದ್ದಾನೆ ಸಾರ್’ ಅಂದರು ಅಂಕಲ್, ಗಂಟಲು ಕಟ್ಟಿಕೊಂಡು.

ನಾಯಿ ಅರ್ಧ ಗಂಟೆಯಲ್ಲಿ ಸರಿಹೋಯಿತು. ಕತೆ ಸರಿಹೋಗಲಿಲ್ಲ. ಬೆಳಿಗ್ಗೆ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ‘ರಾತ್ರಿ ಸೀಸರ್ ವಿಷಜಂತುವೊಂದನ್ನು ಎದುರಿಸಿದ’ ಎಂಬ ಸುದ್ದಿ ಬಿತ್ತು. ಮಧ್ಯಾಹ್ನ ಸೊಪ್ಪಿನಾಕೆಯ ಬಾಯಲ್ಲಿ ಆ ಜಂತುವಿಗೆ ಹೆಡೆ ಬಂದಿತ್ತು. ಸಂಜೆ ನಾನು ಬಟ್ಟೆ ತರಲು ಹೋದಾಗ ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ನಿಮ್ಮನ್ನ ಕಾಪಾಡ್ತಂತಲ್ಲ ಸಾರ್ ಆ ನಾಯಿ? ಋಣ ಇಟ್ಕೋಬೇಡಿ, ಏನಾದ್ರೂ ತಂದ್ಹಾಕಿ.’

ಮುಂದಿನ ಮಳೆಗೆ ಅದೇ ಕಪ್ಪೆ ಮತ್ತೆ ಬಂತು. ಸೀಸರ್ ಪಾಠ ಕಲಿತಿತ್ತು; ಬಾಯಿ ಹಾಕಲಿಲ್ಲ. ಮಾರು ದೂರದಲ್ಲಿ ಕೂತು ಹತ್ತು ಗಂಟೆಯಿಂದ ಬೆಳಗಿನ ಜಾವದವರೆಗೆ ಅದನ್ನು ಬೊಗಳಿತು. ಕಪ್ಪೆ ಕೇಳಿಸಿಕೊಂಡಿತು. ಕೊನೆಗೆ ನಾನೇ ಗೋಡೆ ದಾಟಿ ಹೋಗಿ, ಕಸದ ಮೊರದಲ್ಲಿ ಕಪ್ಪೆಯನ್ನು ಎತ್ತಿ ಆಚೆ ಸೈಟಿಗೆ ಬಿಟ್ಟು ಬಂದೆ. ಮಾರನೇ ರಾತ್ರಿ ಅದೋ, ಅದರ ಷಡ್ಡಕನೋ, ತುಳಸಿಕಟ್ಟೆಯಲ್ಲೇ ಇತ್ತು. ‘ವಾಪಸ್ ಯಾಕೆ ಬಿಟ್ರಿ ಅಂತ ಕೇಳ್ತಿದ್ದಾನೆ ಸಾರ್’ ಎಂದು ಗೋಡೆಯಾಚೆಯಿಂದ ಅನುವಾದ ಬಂತು.

ಬೇರೆ ಮುಖಾಮುಖಿಗಳು ಇಷ್ಟು ದೀರ್ಘವಲ್ಲ. ಅಳಿಲು ಸೀಬೆಮರದಿಂದ ಅರ್ಧ ತಿಂದ ಕಾಯಿಯನ್ನು ಬೀಳಿಸುತ್ತದೆ, ಸೀಸರ್ ತಲೆಯೆತ್ತಿ ನೋಡುತ್ತದೆ, ಅಳಿಲು ಬಾಲ ಕುಣಿಸಿ ಬೈಯುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೇ. ಕೆಂಬೂತ ಬಂದು ಗೋಡೆಯ ಮೇಲೆ ಕೂತು ‘ಹೂಪ್ ಹೂಪ್’ ಅಂದರೆ ಸೀಸರ್ ನೇರ ಅಡುಗೆಮನೆಗೆ. ಆಂಟಿ ಅದನ್ನು ರತ್ನಪಕ್ಷಿ ಅನ್ನುತ್ತಾರೆ, ನೋಡಿದವರಿಗೆ ಒಳ್ಳೆಯದಾಗುತ್ತದಂತೆ. ನಾಯಿ ಕಣ್ಣು ಮುಚ್ಚಿಕೊಂಡು ಓಡಿದ್ದರಿಂದ ಪುಣ್ಯವೆಲ್ಲ ಅವರೊಬ್ಬರಿಗೇ. ಮುಂಗುಸಿ ಒಮ್ಮೆ ಹಿಂಗಾಲಿನ ಮೇಲೆ ಎದ್ದು ನಿಂತು ದಿಟ್ಟಿಸಿದಾಗ ಸೀಸರ್ ಬಾಲ ಅಲ್ಲಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅಂಕಲ್ ಅದನ್ನು ‘ಕದನ ವಿರಾಮ’ ಎಂದರು. ಭಾನುವಾರದ ಕೋಳಿತುಂಡನ್ನು ತಾರಸಿಯ ಮೇಲೆ ತಟ್ಟೆಯಲ್ಲಿಟ್ಟಾಗ ಹದ್ದು ಎರಗಿ ಎತ್ತಿಕೊಂಡು ಹೋಯಿತು, ನಾಯಿಯ ಮೂಗಿನ ಮುಂದಿನಿಂದಲೇ. ‘ಅವನೇ ಬಿಟ್ಕೊಟ್ಟ ಸಾರ್. ಗರುಡನ ಊರಲ್ಲಿ ಇದ್ಕೊಂಡು ಅಷ್ಟೂ ಮಾಡದಿದ್ರೆ ಹೇಗೆ?’

ಹಾವಿನ ದಿನ ಮಾತ್ರ ಬೀದಿಯೇ ಸೇರಿತು. ಗೋಡೆಯಾಚೆ ಹರಳುಗಿಡದ ಬುಡದಲ್ಲಿ ಎರಡು ಹಾವು, ಆಳುದ್ದ, ಹೊಸೆದುಕೊಂಡು ಅರ್ಧ ಮೇಲೆದ್ದು ತೂಗಾಡುತ್ತಿದ್ದವು. ನಾಗರಕ್ಕೂ ಕೇರೆಗೂ ಮಿಲನ, ನೋಡಬಾರದು ಎಂದರು ಕೆಲವರು. ನೋಡಬಾರದು ಅಂದವರೇ ಮುಂದೆ ನಿಂತಿದ್ದರು. ಯಾರೋ ಹೊಸ ಪಂಚೆ ತರಲು ಓಡಿದರು, ಮೇಲೆ ಹೊದಿಸಿ ದೇವರಮನೆಯಲ್ಲಿಟ್ಟರೆ ಸಂಪತ್ತು ಅಂತ. ಸೀಸರ್ ಎಲ್ಲಿ? ಅಂಕಲ್ ಬೆಲ್ಟು ಹಿಡಿದು ಎಳೆಯುತ್ತಿದ್ದರು, ‘ಹಿಡ್ಕೊಂಡಿದೀನಿ, ಬಿಟ್ರೆ ನುಗ್ತಾನೆ’ ಅನ್ನುತ್ತ. ನೋಡಿದರೆ ನಾಯಿಯ ಮುಖ ಮನೆಯ ಕಡೆಗಿತ್ತು. ಅಂಕಲ್ ಹಾವಿನ ಕಡೆಗೆ ಎಳೆಯುತ್ತಿದ್ದರು, ಅದು ಅಡುಗೆಮನೆಯ ಕಡೆಗೆ.

ಹಾವು ಹಿಡಿಯುವ ಹುಡುಗ ಬೈಕಿನಲ್ಲಿ ಬಂದ. ಕೊಕ್ಕೆ ತೆಗೆಯಲೂ ಇಲ್ಲ. ‘ಎರಡೂ ಕೇರೆ. ಎರಡೂ ಗಂಡು. ಜಾಗಕ್ಕೆ ಕುಸ್ತಿ ಆಡ್ತಾವೆ, ಮುಗಿದ ಮೇಲೆ ಹೋಗ್ತಾವೆ. ಹೊಡೀಬೇಡಿ, 1972ರ ಕಾಯ್ದೆ ಪ್ರಕಾರ ಕೇಸಾಗುತ್ತೆ. ಇವು ಇದ್ದರೆ ಹೆಗ್ಗಣ ಕಮ್ಮಿ’ ಎಂದ. ವಿಷವಿಲ್ಲದ ಎರಡು ಗಂಡಸರು ಸೈಟಿಗಾಗಿ ಜಗಳವಾಡುತ್ತಿದ್ದಾರೆ ಅಂದಮೇಲೆ ನಮ್ಮ ಬೀದಿಯಲ್ಲಿ ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ, ಜನ ಕರಗಿದರು. ಪಂಚೆ ತಂದವರು ಅದನ್ನೇ ಉಟ್ಟುಕೊಂಡರು. ಅಂಕಲ್ ಒಬ್ಬರೇ ‘ಕೇರೆ ಆದ್ರೂ ಏನು ಸದ್ದು ಸಾರ್, ಹೇಗೆ ಬುಸುಗುಟ್ತಿತ್ತು’ ಅನ್ನುತ್ತಿದ್ದರು. ಆಂಟಿ ಕಾಫಿ ಲೋಟ ಇಡುತ್ತ, ‘ನಿಮ್ಮ ಹಾಗೇನೇ ರೀ ಅದು. ಸದ್ದು ಜಾಸ್ತಿ, ವಿಷ ಇಲ್ಲ’ ಅಂದರು. ನಲವತ್ತು ವರ್ಷದ ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ನನಗೆ ಗೊತ್ತಿಲ್ಲ.

ಅಂಕಲ್‌ಗೆ ಉಳಿದಿರುವ ಕೊರಗು ಚಿರತೆಯದು. 2016ರ ಫೆಬ್ರವರಿ 7, ಭಾನುವಾರ, ಇಲ್ಲಿಂದ ಹೆಚ್ಚು ದೂರವಿಲ್ಲದ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ಅದನ್ನು ಹಿಡಿಯುವಾಗ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರು ಈಜುಕೊಳದ ಬಳಿ ಗಾಯಗೊಂಡದ್ದನ್ನು ನಾಡೆಲ್ಲ ಟೀವಿಯಲ್ಲಿ ನೋಡಿತು. ಬನ್ನೇರುಘಟ್ಟಕ್ಕೆ ಒಯ್ದರೆ ಅಲ್ಲಿಂದಲೂ ಆ ಚಿರತೆ ತಪ್ಪಿಸಿಕೊಂಡಿತು. ‘ಆಗ ಸೀಸರ್ ಹುಟ್ಟಿರ್ಲಿಲ್ಲ ಸಾರ್’ ಎಂದು ಅಂಕಲ್ ನಿಟ್ಟುಸಿರು ಬಿಡುತ್ತಾರೆ. ಊರ ಅಂಚಿನ ಚಿರತೆಗೆ ಬಲು ಇಷ್ಟದ ಊಟವೇ ನಾಯಿ ಎಂದು ನಾನು ಹೇಳಲಿಲ್ಲ. ಇನ್ನೊಂದು ದಿನ, ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ವನಕ್ ಮತ್ತು ಸಂಗಡಿಗರ ಅಧ್ಯಯನವೊಂದರ ಬಗ್ಗೆ ಹೇಳಿದೆ: ನಮ್ಮ ದೇಶದಲ್ಲಿ ನಾಯಿಗಳು 80 ಜಾತಿಯ ಕಾಡುಜೀವಿಗಳ ಮೇಲೆ ಬೀಳುತ್ತವೆ, ಅವುಗಳಲ್ಲಿ 31 ಅಳಿವಿನ ಅಂಚಿನವು ಅಂತ. ನಾಯಿಯನ್ನು ರಾತ್ರಿ ಕಟ್ಟಿಹಾಕಲಿ ಅನ್ನುವುದು ನನ್ನ ಒಳ ಉದ್ದೇಶ. ಅಂಕಲ್ ಎದೆಯುಬ್ಬಿಸಿ ಸೀಸರ್‌ನ ತಲೆ ಸವರಿದರು. ಲೆಕ್ಕದಲ್ಲಿ ತಮ್ಮವನದೂ ಪಾಲಿದೆ ಅಂದುಕೊಂಡರು. ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ನೋಡಿದೆ, ನಾಯಿ ಹೇಗಿರುತ್ತದೆಂದು ತಿಳಿಯಲಿ ಅಂತ. ಓದಿ ವಾಪಸ್ ಕೊಡುತ್ತ ಅಂದರು: ‘ಆ ಕಿವಿ ಅನ್ನೋ ನಾಯಿ ಪರವಾಗಿಲ್ಲ ಸಾರ್. ನಮ್ಮವನಷ್ಟು ಇಲ್ಲ.’

ಇಷ್ಟೆಲ್ಲ ಗೇಲಿ ಮಾಡುತ್ತೇನೆ. ಆದರೆ ಒಂದು ರಾತ್ರಿ ಎರಡು ಗಂಟೆಗೆ ಅವರು ಬೆಲ್ಲು ಒತ್ತಲಿಲ್ಲ. ಗೋಡೆಯಾಚೆಯಿಂದ ಪಿಸುಗುಟ್ಟಿ ಕರೆದರು. ‘ಸಾರ್, ಟಾರ್ಚು ಬೇಡ. ಸುಮ್ನೆ ಬನ್ನಿ.’ ಹೋದೆ. ಸಪೋಟ ಮರದಿಂದ ಮರಬೆಕ್ಕೊಂದು ಇಳಿದು ಕಾಂಪೌಂಡಿನ ಮೇಲೆ ನಡೆಯುತ್ತಿತ್ತು. ಉದ್ದ ಬಾಲ, ಮುಖದ ಮೇಲೆ ಕಪ್ಪು ಪಟ್ಟೆ. ಪೀಜಿಯ ಹುಡುಗರು ಬಾಲ್ಕನಿಯಲ್ಲಿ ಫೋನು ನೋಡುತ್ತ ನಿಂತಿದ್ದರು. ಅವರ ಕೆಳಗೇ ಅದು ಹಾದು, ಕೇಬಲ್ ಹಿಡಿದು, ನಮ್ಮ ನೀರಿನ ಟ್ಯಾಂಕಿನ ಮೇಲಿಂದ ಆಚೆ ಬೀದಿಗೆ ಹೋಯಿತು. ಸೀಸರ್ ಬೊಗಳಲಿಲ್ಲ. ಮೂಗನ್ನಷ್ಟೇ ಆಡಿಸುತ್ತಿತ್ತು. ‘ದಿನಾ ಇದೇ ಟೈಮು. ಇವನು ಎದ್ದು ನನ್ನ ಮಂಚಕ್ಕೆ ಮೂತಿ ತಾಗಿಸ್ತಾನೆ, ನಾನು ಎದ್ದು ಬರ್ತೀನಿ’ ಎಂದರು ಅಂಕಲ್. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ಮೆಟ್ರೋ ಕಂಬಗಳ ಕಡೆಗೆ ಕೈ ತೋರಿಸಿ, ಅಲ್ಲೆಲ್ಲ ರಾಗಿ ಹೊಲ ಇದ್ದದ್ದು, ರಾತ್ರಿ ನರಿ ಕೂಗಿದರೆ ಅಜ್ಜಿ ಕೋಳಿಗೂಡಿನ ಬಾಗಿಲು ನೋಡಲು ಕಳಿಸುತ್ತಿದ್ದದ್ದು, ಆಗಿನ ನಾಯಿಗೆ ಹೆಸರೇ ಇರದಿದ್ದದ್ದು ಹೇಳಿದರು. ಅಷ್ಟು ಹೊತ್ತು ಅವರು ಏನನ್ನೂ ಅನುವಾದಿಸಲಿಲ್ಲ.

ನಾವೆಲ್ಲ ಈ ಬೀದಿಗೆ ಬಾಡಿಗೆ, ಬೋರು, ಪಾರ್ಕಿಂಗ್ ಲೆಕ್ಕ ಹಾಕಿಕೊಂಡು ಬಂದವರು. ಇಲ್ಲಿ ಇನ್ನೂ ಯಾರ್ಯಾರು ವಾಸವಿದ್ದಾರೆ ಅಂತ ತಿಳಿದಿರುವುದು ಅವರೊಬ್ಬರಿಗೆ. ಅವರಿಗೂ ಅದು ತಿಳಿಯುವುದು ಒಂದು ಹೇಡಿ ನಾಯಿಯ ಮೂಗಿನಿಂದ. ಬೇಟೆಗೆ ಬಾರದ ನಾಯಿಯೇ ಇದಕ್ಕೆ ಸರಿ. ಹೆದರುವವನು ಎಲ್ಲರನ್ನೂ ಗಮನಿಸುತ್ತಾನೆ... ನೋಡಿ, ನಾನೂ ಅವರಂತೆ ಶುರುಮಾಡಿಬಿಟ್ಟೆ.

ಕಳೆದ ವರ್ಷ ಪಕ್ಕದ ಸೈಟಿಗೆ ಜೆಸಿಬಿ ಬಂತು. ಅದು ಗೋಡೆಗೆ ಒರಗಿ ನಿಂತ ದಿನ ಡ್ರೈವರ್ ಹುಡುಗ ನೀರು ಕೇಳಲು ಅಂಕಲ್ ಗೇಟಿಗೆ ಬಂದ. ಸೀಸರ್ ಎದ್ದು ಹೋಗಿ ಬೊಗಳಿತು. ‘ಹುಷಾರಪ್ಪ, ಕಚ್ತಾನೆ’ ಅಂದರು ಅಂಕಲ್. ನಾನು ಅವರ ಮುಖ ನೋಡಿದೆ. ಹುಡುಗ ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟ. ಸೀಸರ್ ಅವನ ಕಾಲ ಬಳಿ ಅಂಗಾತ ಬಿತ್ತು. ಮಧ್ಯಾಹ್ನದೊಳಗೆ ಹರಳುಗಿಡಗಳೆಲ್ಲ ಲಾರಿ ಹತ್ತಿದವು.

ಅಲ್ಲಿದ್ದವರೆಲ್ಲ ಈಗ ಗೋಡೆ ದಾಟಿ ಈಚೆಗೆ ಬಂದಿದ್ದಾರೆ. ಕೇರೆ ತೆಂಗಿನ ಗರಿಯ ರಾಶಿಯಲ್ಲಿದೆ. ಆ ರಾಶಿ ತೆಗೆಸಿ ಅಂತ ಆಂಟಿ, ತೆಗೆಸಲ್ಲ ಅಂತ ಅಂಕಲ್, ದಿನಾ ನಡೆಯುತ್ತದೆ. ಹೆಗ್ಗಣ ಸೀಸರ್‌ನ ತಟ್ಟೆಯಲ್ಲೇ ತಿನ್ನುತ್ತದೆ, ಸೀಸರ್ ತನ್ನ ಸರದಿಗೆ ಕಾಯುತ್ತದೆ. ಬಿಲ್ಡರ್ ಕಡೆಯವರು ಹಿತ್ತಲನ್ನೂ ಸೇರಿಸಿಕೊಂಡು ಜಾಯಿಂಟ್ ವೆಂಚರ್ ಮಾಡೋಣ, ಎರಡು ಫ್ಲ್ಯಾಟು ಕೊಡುತ್ತೇವೆ ಎಂದು ಫೈಲು ಹಿಡಿದು ಬಂದಿದ್ದರು. ಅಂಕಲ್ ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ನಾಯಿ ಆಕಳಿಸಿತು. ‘ಅವನು ಒಪ್ತಿಲ್ಲ’ ಅಂದರು ಅಂಕಲ್, ಫೈಲು ವಾಪಸ್ ಕೊಡುತ್ತ. ಆ ಅನುವಾದಕ್ಕೆ ಮಾತ್ರ ನಾನು ತಕರಾರು ತೆಗೆಯಲಿಲ್ಲ.

ಮೊನ್ನೆ ಬೆಳಿಗ್ಗೆ ನಮ್ಮ ತಾರಸಿಯಲ್ಲಿ, ಟ್ಯಾಂಕಿನ ಪಕ್ಕ, ಮರಬೆಕ್ಕಿನ ಹಿಕ್ಕೆ ಬಿದ್ದಿತ್ತು, ತುಂಬ ಸೀಬೆಬೀಜ. ಯಾಕೋ ಗುಡಿಸಿ ಬಿಸಾಕಲು ಮನಸ್ಸಾಗದೆ ಫೋಟೋ ತೆಗೆದು ಅಂಕಲ್‌ಗೆ ಕಳಿಸಿದೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜು ಬಂತು. ಹಿನ್ನೆಲೆಯಲ್ಲಿ ನಾಯಿ ಉಸಿರಾಡುವುದು ಕೇಳುತ್ತಿತ್ತು.

‘ಸೀಸರ್‌ಗೆ ತೋರಿಸ್ದೆ ಸಾರ್. ಹಣ್ಣು ನಮ್ಮ ಮರದ್ದೇ ಅಂತಿದ್ದಾನೆ. ಅದ್ರಲ್ಲಿ ಗಿಡ ಬಂದ್ರೆ ಒಂದು ನಮಗೂ ಕೊಡ್ಬೇಕಂತೆ.’